ಗುಡ್ಡೆಯ ಚರ್ಮ

ಅವರ ಹಿಮ್ಮಡಿಯಲ್ಲಿ ಕಡ್ಡಿ ತೂರುವಷ್ಟು ದೊಡ್ಡ ಬಿರುಕುಗಳಿದ್ದವು. ಬಿರುಕುಗಳ ತುಂಬ ನಮ್ಮೂರಿನ ಕೆಂಪು ಮಣ್ಣು. ಶಾಲೆಯ ಜಗಲಿಯಲ್ಲಿ ಕೂತು, ಹಂಚಿನ ಚೂರಿನಿಂದ ಅದನ್ನು ಕೆರೆದು ತೆಗೆದು, ಕಾಲಿಗೆ ಒಂದು ಚೊಂಬು ನೀರು ಸುರಿದುಕೊಂಡ ಮೇಲೆಯೇ ನಮ್ಮ ಭೂಗೋಳದ ಮಾಸ್ಟ್ರು ತರಗತಿಗೆ ಬರುತ್ತಿದ್ದರು. ಹೊಲಸು ಮೆಟ್ಟಿ ಬಂದವರ ಹಾಗೆ ಮುಖ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನೋಡುವ, ಎಷ್ಟು ಬರುತ್ತದೋ ಅಷ್ಟು.

ರಾಜ್ಯ ಒಂದಾದ ಮೇಲೆ ಬಿಜಾಪುರದ ಕಡೆಯಿಂದ ಮೂಡಬಿದ್ರೆಗೆ ವರ್ಗವಾಗಿ ಬಂದವರು. ನಮ್ಮೂರು ತೋಡಾರಿನಲ್ಲಿ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೋಣೆ ಹಿಡಿದು ಒಬ್ಬರೇ ಇದ್ದರು. ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಅವರ ಹೊಲದ ಕರಿಮಣ್ಣು. ಪಾಠದ ದಿನ ಡಬ್ಬಿಯೂ ಶಾಲೆಗೆ ಬರುತ್ತಿತ್ತು.

"ಇದು ಮಣ್ಣು. ನಮ್ಮ ಕಡೆ ಮಳಿ ಕಮ್ಮಿ. ಕಲ್ಲು ಕರಗಿ ಮಣ್ಣಾದ್ರ ಅದರ ಸತ್ವ ಅಲ್ಲೇ ಉಳೀತದ. ನಿಮ್ಮಲ್ಲಿ ಮಳಿ ಎಲ್ಲಾ ತೊಳಕೊಂಡು ಸಮುದ್ರಕ್ಕ ಒಯ್ತದ. ಉಳಿಯೂದು ಬರೇ ಕಬ್ಬಿಣ. ನಿಮ್ಮದು ಮಣ್ಣಲ್ಲ, ತುಕ್ಕು."

ಆ ತುಕ್ಕಿನಲ್ಲಿ ಬೆಳೆದ ಅಕ್ಕಿಯನ್ನೇ ಅವರೂ ಉಣ್ಣುತ್ತಿದ್ದರು. ನಮ್ಮ ಹಟ್ಟಿಯ ಹಾಲನ್ನೇ ಕುಡಿಯುತ್ತಿದ್ದರು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಏನೆಂದು ನನಗೆ ಆಗಲೇ ಗೊತ್ತಾಯಿತು.

ಒಂದು ದಿನ, ಬೇಸಿಗೆಯಲ್ಲಿ ಮನೆಯಲ್ಲಿ ಏನು ಕೆಲಸ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಎದ್ದು ನಿಂತೆ. "ಅಮ್ಮ ಗುಡ್ಡೆಯ ತರಗೆಲೆ ಗುಡಿಸಿ ತರ್ತಾರೆ ಸರ್. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಕ್ತೇವೆ. ಅದೇ ಗದ್ದೆಗೆ ಗೊಬ್ಬರ."

"ಅಂದ್ರ ನಿಮ್ಮವ್ವ ಗುಡ್ಡದ ಚರ್ಮ ಸುಲೀತಾಳ," ಎಂದರು. "ಒಂದು ಬೆರಳು ಮಣ್ಣಾಗಲಿಕ್ಕ ನಿಮ್ಮಜ್ಜನ ಅಜ್ಜನ ಆಯುಷ್ಯ ಸಾಲೂದಿಲ್ಲ. ಹೋಗಲಿಕ್ಕ ಒಂದು ಮಳಿ ಸಾಕು. ಆ ಗುಡ್ಡ ನಿಮ್ಮ ಗದ್ದಿಗೇ ಇಳೀತದ, ನೋಡ್ಕೋ."

ತರಗತಿ ನಕ್ಕಿತು. ನಾನು ಅಳುತ್ತಾ ಮನೆಗೆ ಬಂದು ಎಲ್ಲ ಹೇಳಿದೆ.

ಅಪ್ಪ ಫರಂಗಿಪೇಟೆಯಲ್ಲಿ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಗದ್ದೆ ಎಂದರೆ ಅಮ್ಮನೇ. ಮರುದಿನ ಅಮ್ಮ ತರಗೆಲೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ದಾರಿಯಲ್ಲಿ ಅವರನ್ನು ತಡೆದರು.

"ಮಾಸ್ಟ್ರೇ, ಗೊಬ್ಬರ ಇಲ್ಲದೆ ಗದ್ದೆ ಮಾಡುವುದು ಹೇಗೆ? ಅದೊಂದು ಹೇಳಿ ನೀವು."

"ಅದು ನನಗ ಗೊತ್ತಿಲ್ಲ. ಸುಲಿಯೂದು ಸುಲಿಯೂದೇ."

"ಹಾಗಾದರೆ ನಾಳೆಯಿಂದ ಹಾಲಿಗೆ ಬರಬೇಡಿ."

ಅವರು ತಲೆಯಾಡಿಸಿ ಹೋದರು. ಮತ್ತೆ ಕರಿ ಚಹಾ ಕುಡಿದರೇ ಹೊರತು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ.

ಆ ಮಳೆಗಾಲ, ಭತ್ತದ ನೇಜಿ ನೆಟ್ಟು ಬೇರು ಹಿಡಿಯುವ ಹೊತ್ತಿಗೆ, ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಗದ್ದೆಯ ಮೇಲೆ ಗುಡ್ಡೆ ಇಳಿದು ಕೂತಿತ್ತು. ಕೆಂಪು ನೀರು, ಮುರಕಲ್ಲಿನ ಜಲ್ಲಿ. ಒಂದು ಹಸಿರು ತುದಿ ಕಾಣಲಿಲ್ಲ. ವರ್ಷದ ಅನ್ನ ಅದರಡಿಯಲ್ಲಿತ್ತು. ಅಮ್ಮ ಬರಿಗೈಯಲ್ಲಿ ಜಲ್ಲಿ ಬಗೆಯುತ್ತಿದ್ದರು. ಮಾಸ್ಟ್ರು ಕೊಡೆ ಹಿಡಿದು ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಬಂದು ನಿಂತರು.

"ಹೇಳಿದ್ದೆ," ಎಂದರು. ಅಷ್ಟೇ.

ಅಮ್ಮ ಒಂದು ಮುಷ್ಟಿ ಕೆಸರೆತ್ತಿ ಅವರ ಬಿಳಿ ಪಂಚೆಗೆ ಎಸೆದರು. ಅವರು ಹಿಂದಿರುಗಿದರು. ಹೋಗಿ ಕಾಲು ತೊಳೆದುಕೊಂಡಿರಬೇಕು.

ಕರಿನಾಲಗೆ ಎಂದಿತು ಊರು. ಆ ವರ್ಷ ನಾವು ಗೆಣಸು ತಿಂದು ದಿನ ದೂಡಿದೆವು. ಗೆಣಸಿನ ತುತ್ತು ತುತ್ತಿಗೂ ನಾನು ಅವರಿಗೆ ಶಾಪ ಹಾಕಿದ್ದೇನೆ. ನಿಜ ಹೇಳಿದರು, ಒಪ್ಪಿದೆ. ಹಸಿದವರ ಎದುರು ನಿಂತು ನಿಜವನ್ನು ಹಾಗೆ ಹೇಳಬಾರದು.

ಮುಂದಿನ ಬೇಸಿಗೆಯಲ್ಲಿ ಅಮ್ಮ ಗುಡ್ಡೆಯ ಕೆಳಗಿನ ಅರ್ಧ ಮಾತ್ರ ಗುಡಿಸಿದರು. ಮೇಲಿನ ಅರ್ಧ ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಬೆನ್ನು ನೋವು ಮಾರಾಯ್ತಿ," ಎಂದರು. ಆ ಬೆನ್ನು ನೋವು ಸಾಯುವವರೆಗೂ ವಾಸಿಯಾಗಲಿಲ್ಲ. ಗೊಬ್ಬರಕ್ಕೆ ದೂರದ ಕಾಡಿನಿಂದ ಸೊಪ್ಪು ಹೊತ್ತರು, ಫಸಲು ಕಡಿಮೆಯಾದರೂ ಸಹಿಸಿದರು. ಮೇಲಿನ ಗುಡ್ಡೆಗೆ ಮಾತ್ರ ಮತ್ತೆ ಹಿಡಿಸೂಡಿ ಹಾಕಲಿಲ್ಲ. ಗುಡ್ಡೆಯೂ ಮತ್ತೆ ಇಳಿಯಲಿಲ್ಲ.

ಮಾಸ್ಟ್ರು ವರ್ಗವಾಗಿ ತಮ್ಮ ಊರ ಕಡೆಗೆ ಹೋದರು, ಯಾರಿಗೂ ಹೇಳಿ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಸತ್ತರೆಂದು ಸುದ್ದಿ ಬಂತು. ಅಮ್ಮ ಅಕ್ಕಿ ಆರಿಸುತ್ತಿದ್ದರು. "ನಾಲಗೆ ಒಳ್ಳೆಯದಿರಲಿಲ್ಲ," ಎಂದವರು ಒಂದು ಕಲ್ಲು ಹೆಕ್ಕಿ ಎಸೆದು, "ಹಾಲು ನಿಲ್ಲಿಸಬಾರದಿತ್ತು," ಎಂದರು.

ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಊರಿಗೆ ಹೋದಾಗಲೆಲ್ಲ ಮೇಲಿನ ಗುಡ್ಡೆ ಹತ್ತುತ್ತೇನೆ. ತರಗೆಲೆ ಸರಿಸಿ ಬೆರಳು ಊರಿದರೆ ಉಗುರು ಮುಳುಗುವಷ್ಟು ಮಣ್ಣು ಉಂಟು. ಕಪ್ಪಗೆ, ಮೆತ್ತಗೆ. ಅಮ್ಮನ ಆಯುಷ್ಯಕ್ಕೆ ಅಷ್ಟು. ಮಾಸ್ಟ್ರು ಇದ್ದಿದ್ದರೆ ಒಂದು ಮುಷ್ಟಿ ಅವರ ಮೇಜಿನ ಮೇಲೆ ಸುರಿದು, ಇದು ತುಕ್ಕಾ ಸರ್ ಎಂದು ಕೇಳುತ್ತಿದ್ದೆ.