ಬೂದಿಯಲ್ಲಿದ್ದ ಪುಂಡಿ ಬೀಜ

ಸುರಪುರದಲ್ಲಿ ಕೊಟ್ಟದ್ದನ್ನು ವಾಪಸ್ ಕೇಳಲು ಮನೆಗೇ ಬರುತ್ತಾರೆ! ವರ್ಷದ ಕೆಳಗೆ ಕೈಯಾರೆ ಕೊಟ್ಟವರು ಹೊಸ್ತಿಲಲ್ಲಿ ನಿಂತು, "ಅಕ್ಕೋರೆ, ನಾ ಕೊಟ್ಟಿದ್ದು ವಾಪಸ್ ಕೊಡ್ರಿ" ಎಂದರೆ ಮೈಸೂರಿನವಳಿಗೆ ಹೇಗಾಗಬೇಡ? ಆದರೆ ಅವತ್ತು ಮರ್ಯಾದೆ ಹೋದದ್ದು ಕೇಳಿದವರದಲ್ಲ, ನನ್ನದು. ಮೈಸೂರಿನವರಿಗೆ ಇದನ್ನು ಬರೆಯಲು ಇಷ್ಟು ದಿನ ಧೈರ್ಯವಿರಲಿಲ್ಲ.

ಇಲ್ಲಿನ ಶಾಲೆಗೆ ಪಾಠ ಹೇಳಲು ಬಂದು ಎರಡು ವರ್ಷ ದಾಟಿತು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಇಲ್ಲಿ 'ಅಕ್ಕೋರೆ' ಎನ್ನುತ್ತಾರೆ. ಊರೊಳಗಿನ ರಂಗಂಪೇಟೆಯಲ್ಲಿ ಬಾಡಿಗೆ ಮನೆ ಸಿಕ್ಕಾಗ ನಾನು ಮೊದಲು ನೋಡಿದ್ದು ಅಡುಗೆಮನೆಯನ್ನಲ್ಲ, ಮೇಲಿನ ತೆರೆದ ಮಾಳಿಗೆಯನ್ನು. ಮೈಸೂರಿನಿಂದ ಕುಂಡಗಳನ್ನೂ ಬಣ್ಣಬಣ್ಣದ ಬೀಜದ ಪೊಟ್ಟಣಗಳನ್ನೂ ಹೊತ್ತು ತಂದಿದ್ದೆ. ಅಲ್ಲಿ ನೆನಪಾದಾಗ ಒಂದು ತಂಬಿಗೆ ನೀರು ಹಾಕಿದರೂ ಸಾಕಿತ್ತು. ಇಲ್ಲಿಯ ಏಪ್ರಿಲ್ ಬಿಸಿಲಿಗೆ ನನ್ನ ಗುಲಾಬಿ ನಾಲ್ಕೇ ದಿನಕ್ಕೆ ಹಪ್ಪಳವಾಯಿತು. ಮಾತಿಗೆ ಒಬ್ಬರಿಲ್ಲದ ಸಂಕಟವೂ ಸೇರಿ, ಗುಲಾಬಿಯ ನೆಪದಲ್ಲಿ ಜೋರಾಗಿಯೇ ಅತ್ತುಬಿಟ್ಟೆ. ಪಕ್ಕದ ಅಂಗಳದಿಂದ ಕೂಗು ಬಂತು.

"ಯಾಕ್ರಿ ಅಕ್ಕೋರೆ, ಊರಾಗ ಯಾರರ ಹೋದ್ರೇನು?"

ಅವರೇ ಶಮೀಮ್ ಆಪಾ. ಆಪಾ ಎಂದರೆ ಅಕ್ಕ. ಗಂಡ ಟೈಲರ್. ಆಪಾ ಮಂಡಿ ಹಿಡಿದುಕೊಂಡೇ ಮೇಲೆ ಬಂದು ಕುಂಡಕ್ಕೆ ಬೆರಳು ಹಾಕಿ ನೋಡಿ, ಹಳೆಯ ಸೀರೆಯೊಂದನ್ನು ನೆರಳಿಗೆ ಕಟ್ಟಿದರು. ಅಲ್ಲಿಂದ ನನ್ನ ಪಾಠ ಶುರುವಾಯಿತು. ಬೇಸಿಗೆಯಲ್ಲಿ ಸಂಜೆ ಮಾತ್ರ ನೀರು, ಮಳೆ ಬಿದ್ದೊಡನೆ ಪುಂಡಿ, ಚಳಿಗೆ ಮೆಂತ್ಯ, ಮೂಲಂಗಿ. ಪುಂಡಿ ಎಂದರೆ ಹುಳಿಹುಳಿ ಸೊಪ್ಪು. ಆಪಾ ಮನೆಯಲ್ಲಿ ಅದಕ್ಕೆ ಅಂಬಾಡಾ ಅನ್ನುತ್ತಾರೆ. ರೊಟ್ಟಿಯ ಜೊತೆ ಅದಿಲ್ಲದಿದ್ದರೆ ಇಲ್ಲಿ ಊಟ ಊಟವೇ ಅಲ್ಲ.

ಆ ವರ್ಷದ ಮೊದಲ ಮಳೆಗೆ ಆಪಾ ಒಂದು ಬಟ್ಟೆಯ ಗಂಟು ತಂದುಕೊಟ್ಟರು. "ನಮ್ಮ ಅಮ್ಮೀ ಕೊಟ್ಟ ಬೀಜ. ಅರ್ಧ ನಿಮಗ, ಅರ್ಧ ನನಗ." ಬಿಚ್ಚಿ ನೋಡಿದರೆ ಬರೀ ಬೂದಿ, ನಡುನಡುವೆ ಮಣ್ಣುಬಣ್ಣದ ಕಾಳು. ನನ್ನ ಪೊಟ್ಟಣಗಳ ಮೇಲೆ ಎಂಥ ಚೆಂದದ ಚಿತ್ರಗಳಿದ್ದವು! ಕುಂಡಗಳೆಲ್ಲ ಅವಕ್ಕೇ ಹೋದವು. ಗಂಟು ಅಟ್ಟದ ಮೂಲೆ ಸೇರಿತು.

ಶ್ರಾವಣದಲ್ಲಿ ಆಪಾ ಕೇಳಿದರು, "ಅಂಬಾಡಾ ಬಂತೇನ್ರಿ?"

"ಬಂದಿದೆ ಆಪಾ, ಸೊಂಪಾಗಿ ಬಂದಿದೆ."

ಆಗಿನ್ನೂ ಬೀಜ ಅಟ್ಟದ ಮೇಲೇ ಇತ್ತು. ಮಂಡಿನೋವಿನ ಆಪಾ ಮತ್ತೆ ಮಾಳಿಗೆ ಹತ್ತಲಾರರು ಎಂಬ ಧೈರ್ಯ ನನಗೆ. ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. ಸಂತೆಯಲ್ಲಿ ಎರಡು ಸಿವುಡು ಪುಂಡಿ ಕೊಂಡು, ಚಟ್ನಿ ಅರೆದು, ನನ್ನ ಕುಂಡದ್ದೆಂದು ಅವರ ಮನೆಗೆ ಕೊಟ್ಟುಬಂದೆ. ದೀಪಾವಳಿಗೆ ಮನೆ ಗುಡಿಸುವಾಗ ಗಂಟು ಕೈಗೆ ಸಿಕ್ಕಿತು. ಈಗಿದ್ಯಾಕೆ ಎಂದು ಕಸದ ಜೊತೆ ಹೊರಗೆ ಹಾಕಿದೆ.

ಆ ಚಳಿಗಾಲ ಆಪಾ ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೋದರು. ಅಕಾಲದ ಮಳೆ ಬಿದ್ದು, ಅವರು ಗಿಡದಲ್ಲೇ ಬಿಟ್ಟಿದ್ದ ಬೀಜವೆಲ್ಲ ಕೊಳೆಯಿತು. ಮತ್ತೆ ಮುಂಗಾರು ಬಂದಾಗ ಅವರು ನನ್ನ ಹೊಸ್ತಿಲಿಗೆ ಬಂದರು.

"ನಂದೆಲ್ಲಾ ಹಾಳಾಗ್ಯಾವರಿ. ನಿಮ್ಮ ಮನ್ಯಾಗ ಇಟ್ಟಿದ್ದು ಅದಾವಲ್ಲ, ಒಂದು ಹಿಡಿ ಕೊಡ್ರಿ."

ಇಟ್ಟಿದ್ದು! ಅದು ನನಗೆ ಕೊಟ್ಟ ಉಡುಗೊರೆಯೇ ಆಗಿರಲಿಲ್ಲ. ಒಂದು ಮನೆಯಲ್ಲಿ ಹಾಳಾದರೆ ಇನ್ನೊಂದರಲ್ಲಿ ಉಳಿಯಲಿ ಎಂದು ಇಲ್ಲಿನವರು ಬೀಜವನ್ನು ಗೆಳತಿಯರ ಮನೆಯಲ್ಲಿ ಇಡುತ್ತಾರೆ. ಈ ಊರಲ್ಲಿ ಒಂದು ವರ್ಷ ಉಂಡರೂ ನನಗೆ ಅಷ್ಟು ತಿಳಿದಿರಲಿಲ್ಲ. ಇಲಿ ತಿಂತು ಅನ್ನೋಣ ಎನ್ನಿಸಿದ್ದೂ ನಿಜ.

"ಎಸೆದುಬಿಟ್ಟೆ ಆಪಾ. ನಾನು ಬಿತ್ತಲೇ ಇಲ್ಲ. ಅವತ್ತಿನ ಚಟ್ನಿ ಸಂತೆ ಸೊಪ್ಪಿನದು."

ಆಪಾ ಗೋಡೆ ಹಿಡಿದು ಕಟ್ಟೆಯ ಮೇಲೆ ಕೂತರು.

"ಸಂತೀದು ಅಂತ ಅವತ್ತೇ ಗೊತ್ತಾಗಿತ್ತು. ನಮ್ಮದು ಅಷ್ಟು ಹುಳಿ ಇರಂಗಿಲ್ಲ. ಬೀಜ ಕಡಿಮಿ ಆಗ್ತಾವಂತ ಎಲಿ ಹರೀಲಾರದ ಸಂತ್ಯಾಗ ತಂದಾರ ಅಂದ್ಕೊಂಡೆ. ಅಕ್ಕೋರು ಎಷ್ಟು ಜ್ವಾಕಿ ಮಾಡ್ತಾರ ನೋಡು ಅಂತ ಮಲ್ಲಮ್ಮನ ಮುಂದೂ ಹೇಳಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಸುಳ್ಳಿಗೂ ಅವರು ಒಂದು ಒಳ್ಳೆಯ ಅರ್ಥ ಹುಡುಕಿ ಇಟ್ಟುಕೊಂಡಿದ್ದರು.

ಹಿಂದಿನ ಓಣಿಯ ಮಲ್ಲಮ್ಮ ಆಪಾರ ಹಳೆಯ ಗೆಳತಿ. ಎಂದೋ ಇವರಿಂದಲೇ ಬೀಜ ಪಡೆದವರು. ಇಬ್ಬರೂ ಅಲ್ಲಿಗೆ ಹೋದೆವು. ಆಪಾ ಮುಂದೆ, ನಾನು ಹಿಂದೆ.

"ಮೈಸೂರಿನಕಿಗೆ ಯಾಕ ಕೊಟ್ಟಿ?" ಎಂದು ಮಲ್ಲಮ್ಮ ನನ್ನೆದುರೇ ಕೇಳಿದರು.

"ಹೊಸಾಕಿ. ಆಕಿಗಿ ಗೊತ್ತಿರಲಿಲ್ಲ," ಎಂದರು ಆಪಾ.

ಮಲ್ಲಮ್ಮ ಒಂದು ಹಿಡಿ ಕೊಟ್ಟರು. ವಾಪಸ್ ಬಂದು ನನ್ನ ಹೊಸ್ತಿಲ ಮೇಲೆಯೇ ಆಪಾ ಅದನ್ನು ಎರಡು ಪಾಲು ಮಾಡಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ನನಗೆ ಬೇಡ ಆಪಾ."

"ನಿಮಗಲ್ರಿ, ನನಗ. ನಿಮ್ಮ ಮನ್ಯಾಗ ಇರಲಿ."

ಮೈಸೂರಿನ ಪೊಟ್ಟಣಗಳನ್ನು ಒಳಗಿಟ್ಟು, ಆ ಮಳೆಗಾಲ ಎಲ್ಲ ಕುಂಡಗಳಲ್ಲೂ ಪುಂಡಿಯನ್ನೇ ಹಾಕಿದೆ. ಸಂಕ್ರಾಂತಿ ಕಳೆದ ಮೇಲೆ ಕಾಳು ಬಿಡಿಸಿ, ಹುಳ ಹಿಡಿಯದಂತೆ ಬೂದಿ ಕಲಸಿ, ಗಂಟು ಕಟ್ಟಿದೆ. ಈ ಬೇಸಿಗೆ ರಜೆಗೆ ಅದರಲ್ಲಿ ಅರ್ಧ ಮೈಸೂರಿಗೆ ಒಯ್ದೆ. ಎದುರು ಮನೆಯ ಸರೋಜಮ್ಮನಿಗೂ ಗಿಡದ ಹುಚ್ಚು. ಅವರ ಕೈಗೆ ಗಂಟಿಟ್ಟು ಹೇಳಿದೆ, "ನಿಮ್ಮಲ್ಲಿರಲಿ. ಮುಂದಿನ ವರ್ಷ ಬಂದು ಕೇಳುತ್ತೇನೆ."

ಸರೋಜಮ್ಮನ ಮುಖ ಸಣ್ಣದಾಯಿತು. ಜೊತೆಗೆ ಬಂದಿದ್ದ ಅಮ್ಮ ನನ್ನ ರಟ್ಟೆ ಹಿಡಿದು ನಮ್ಮ ಅಂಗಳಕ್ಕೆ ಎಳೆದುಕೊಂಡು ಬಂದಳು. "ಕೊಟ್ಟಿದ್ದನ್ನ ವಾಪಸ್ ಕೇಳ್ತೀನಿ ಅಂತಾರೇನೇ? ನಾಚಿಕೆ ಆಗಲ್ವಾ ನಿಂಗೆ?"

ಆಯಿತು, ತುಂಬಾ ಆಯಿತು. ಆದರೆ ಬಾಯಿಂದ ಬಂದದ್ದು ಬೇರೆ.

"ನಮ್ಮ ಕಡೆ ಹಾಗೇ ಅಮ್ಮ," ಎಂದೆ, ನಾನು ಹುಟ್ಟಿದ ಮನೆಯ ಅಂಗಳದಲ್ಲಿ ನಿಂತುಕೊಂಡು.