ತೊಡದೇವಿನ ಒಲೆಗೆ ಚಿಮಣಿ

ಈಗ ನೆನೆದರೆ ಆ ಹೊಗೆ ನನಗೆ ಚೆಂದವಾಗಿಯೇ ಕಾಣುತ್ತದೆ, ಅದೇ ಬೇಜಾರು. ಸಿದ್ದಾಪುರ ಪೇಟೆಯ ನಮ್ಮ ಮನೆಯ ಹಿಂದೆ ತಗಡು ಹೊದೆಸಿದ ಒಂದು ಮಾಡು ಇದೆ. ಮಾಘದ ಬೆಳಗಿನ ಬಿಸಿಲು ತಗಡಿನ ತೂತುಗಳಿಂದ ಇಳಿದು ಹೊಗೆಯೊಳಗೆ ಕೋಲುಕೋಲಾಗಿ ನಿಲ್ಲುತ್ತಿತ್ತು. ಅದರ ನಡುವೆ ಅತ್ತೆ, ಅಂದರೆ ನನ್ನ ಗಂಡನ ತಾಯಿ, ತೊಡದೇವು ಎಂಬ ಸಿಹಿತಿಂಡಿ ಮಾಡುತ್ತ ಕೂತಿರುತ್ತಿದ್ದರು. ಒಲೆಯ ಮೇಲೆ ಮಡಕೆ ಬೋರಲು ಹಾಕಿರುತ್ತಾರೆ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿಹಿಟ್ಟಿಗೆ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆಯಬೇಕು. ಎಳೆದದ್ದು ಅಲ್ಲೇ ಹಾಳೆಯಾಗಿ ಏಳುತ್ತದೆ, ಗರಿಗರಿಯಾಗುವ ಮೊದಲೇ ಮಡಚಬೇಕು. ಬಾಗಿಲಲ್ಲಿ ನಿಂತು ನೋಡಿದರೆ ಅವರು ಹೊಗೆಯಿಂದಲೇ ಒಂದೊಂದು ತುಂಡು ಬಿಡಿಸಿ ಮಡಚಿ ಇಡುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಕೆಲಸ ಮರೆತು ಎಷ್ಟೋ ಹೊತ್ತು ಹಾಗೇ ನಿಂತಿರುತ್ತಿದ್ದೆ.

ಆ ಹೊಗೆಯೇ ಅತ್ತೆಯ ಎದೆಯಲ್ಲಿ ಕೂತಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಇನ್ನು ಒಲೆಯ ಹೊಗೆ ಕುಡಿದರೆ ಉಳಿದಿರುವ ಉಸಿರೂ ಉಳಿಯುವುದಿಲ್ಲ ಅಂದರು. ಮನೆಗೆ ಬಂದ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಸೀದಾ ಒಲೆಯ ಕಡೆ ನಡೆದರು.

"ಅತ್ತೆ, ಡಾಕ್ಟರು ಹೇಳಿದ್ದು ನೆನಪಿದ್ದ?" ಅಂದೆ.

"ಇದ್ದು. ಈ ಕೆಲಸ ಬಿಟ್ಟು ಆನು ಎಂತ ಮಾಡವು? ಉಸಿರು ಎಳ್ಕತ್ತ ಕೂರವಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರ ತೊಡದೇವನ್ನು ಬೆಳಕಿಗೆ ಹಿಡಿದರೆ ಆಚೆಯ ಕೈಬೆರಳು ಕಾಣುತ್ತಿತ್ತು. ಊರಲ್ಲಿ ಅವರನ್ನು ಗುರುತಿಸುತ್ತಿದ್ದದ್ದೇ ಅದರಿಂದ. ನಾನು ಹಟಕ್ಕೆ ಬಿದ್ದೆ. ಅತ್ತೆಯ ಉಸಿರೂ ಉಳಿಯಬೇಕು, ತೊಡದೇವೂ ಉಳಿಯಬೇಕು, ಒಲೆಗೆ ಚಿಮಣಿ ಕಟ್ಟಿಸಿಯೇ ಸೈ ಅಂದುಕೊಂಡೆ.

ಕಟ್ಟುವವರು ಸಿಗಬೇಕಲ್ಲ. ಪೇಟೆಯ ಮೇಸ್ತ್ರಿಗಳಿಗೆಲ್ಲ ಸ್ಲ್ಯಾಬ್ ಹಾಕುವ ಅವಸರ. ಒಬ್ಬ ಬಂದು, ಚಾ ಕುಡಿದು, "ಗ್ಯಾಸ್ ತಗಳಿ ಅಕ್ಕಾ, ಆರಾಮು" ಅಂದು ಹೋದ. ಗ್ಯಾಸಿನ ಉರಿ ಮಡಕೆಯ ಹೊಟ್ಟೆ ತುಂಬುವುದಿಲ್ಲ ಅಂತ ಅವನಿಗೆ ಹೇಳಿ ಏನು ಪ್ರಯೋಜನ. ಇನ್ನೊಬ್ಬ ಫೋನಿನಲ್ಲಿ ನಾಳೆ ಬರುತ್ತೇನೆ ಅನ್ನುತ್ತಲೇ ಇದ್ದ. ಅವನ ನಾಳೆ ಇವತ್ತಿಗೂ ಬೆಳಗಾಗಿಲ್ಲ.

ಕಡೆಗೆ ಒಬ್ಬನ ಸುದ್ದಿ ಸಿಕ್ಕಿತು. ಯಲ್ಲಾಪುರದ ಕಡೆ ಹೋಂಸ್ಟೇಗಳಲ್ಲಿ ಪಟ್ಟಣದಿಂದ ಬಂದವರು ಚಳಿ ಕಾಯಿಸಿಕೊಳ್ಳಲಿಕ್ಕೆ ಗೋಡೆಯೊಳಗೇ ಬೆಂಕಿಗೂಡು ಇರುತ್ತದಂತೆ, ಅದನ್ನು ಕಟ್ಟುವ ಮೇಸ್ತ್ರಿ ಇಡಗುಂದಿಯವನಂತೆ. ಬೆಳಗಿನ ಬಸ್ಸು ಹಿಡಿದೆ. ಶಿರಸಿ ದಾಟಿದ ಮೇಲೆ ಕಿಟಕಿಗೆ ತಲೆ ಆನಿಸಿದ್ದೆ. ಹೊರಗೆ ಮಂಜು, ಮಂಜಿನೊಳಗೆ ಸಾಗವಾನಿ ಮರಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಅರೆನಿದ್ದೆಯಲ್ಲಿ ನನಗೆ ಆ ಮಂಜೆಲ್ಲ ನಮ್ಮ ಮನೆಯ ಹೊಗೆಯೇ, ಯಾರೋ ಎಳೆದು ಇಷ್ಟು ದೂರ ತಂದು ಬಿಟ್ಟಿದ್ದಾರೆ ಅಂತ ಅನ್ನಿಸಿತ್ತು. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದ.

ಮೇಸ್ತ್ರಿ ತಾನು ಕಟ್ಟಿದ್ದನ್ನು ತೋರಿಸಲು ಅರಬೈಲಿನ ಹತ್ತಿರದ ಒಂದು ಮನೆಗೆ ಕರೆದುಕೊಂಡು ಹೋದ. ಬೆಂಕಿ ಹಾಕಿದ. ಹೊಗೆಯೆಲ್ಲ ಹಿಂದಕ್ಕೆ ಸರಿದು ಮೇಲೆ ಹೋಯಿತು, ಕೋಣೆಯೊಳಗೆ ಕಟ್ಟಿಗೆಯ ವಾಸನೆ ಮಾತ್ರ ಉಳಿಯಿತು. ಅದರ ಮುಂದೆ ಕೂತು ಅತ್ತೆಯನ್ನು ನೆನೆದೆ.

"ಇಂಥದ್ದೇ ಬೇಕು," ಅಂದೆ.

"ಇಂಥದ್ದೇ ಮಾಡ್ವಾ ಅಕ್ಕಾ. ಒಲೆ ಹಿಂದೆ ದಾರಿ ಬಿಡೂದು. ನೇರ ಮೇಲೆ ಬಿಟ್ರೆ ಬಗ್ಗಿ ಕೂತವರ ಮುಖ ದಾಟೇ ಹೊಗೆ ಹೋಗ್ತದೆ," ಅಂದ ಮೇಸ್ತ್ರಿ.

ಹಾಗೇ ಆಯಿತು. ಚಿರೆಕಲ್ಲು ಬಂತು, ಹುತ್ತದ ಮಣ್ಣು ಬಂತು. ಅತ್ತೆ ದಿನವಿಡೀ ಬಾಗಿಲಲ್ಲಿ ಕೂತು ಒಲೆಯ ಬಾಯಿ ಅಷ್ಟಿರಲಿ, ಇಷ್ಟಿರಲಿ ಎನ್ನುತ್ತಿದ್ದರು. ಮುಗಿದ ದಿನ ನಮ್ಮಲ್ಲಿಯ ಪದ್ಧತಿಯಂತೆ ಹೊಸ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಾಲುಕ್ಕಿಸಿದೆವು. ಹೊಗೆ ಒಂದೆಳೆಯೂ ಈಚೆ ಬರಲಿಲ್ಲ. ಹಾಲು ನಾಲ್ಕೂ ಕಡೆ ಉಕ್ಕಿ ಹರಿಯಿತು. ಅತ್ತೆ ನಕ್ಕರು, ಮೇಸ್ತ್ರಿ ಎಲೆಅಡಿಕೆ ಹಾಕಿಕೊಂಡು ಊರಿಗೆ ಹೋದ.

ಹಾಲಿನ ಪಾತ್ರೆ ಕೂತದ್ದು ನೆಟ್ಟಗೆ, ಉರಿದದ್ದು ನಾಲ್ಕು ಚಕ್ಕೆ ಕಟ್ಟಿಗೆ. ಬೋರಲು ಮಡಕೆ ಇಟ್ಟು ತುಂಬು ಉರಿ ಹಾಕಿ ನೋಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತ್ಯಾಗಲಿಯ ಆಲೆಮನೆಯಿಂದ ಕಬ್ಬಿನ ಹಾಲು ಬಂದ ದಿನ ಗೊತ್ತಾಯಿತು. ಚಿಮಣಿ ಹೊಗೆಯ ಜೊತೆ ಉರಿಯನ್ನೂ ಹಿಂದಕ್ಕೆ ಎಳೆಯುತ್ತಿತ್ತು. ಮಡಕೆಯ ಹಿಂಬದಿ ಕೆಂಪಗೆ ಕಾದರೆ ಮುಂಬದಿ ಬೆಚ್ಚಗೂ ಇಲ್ಲ. ತೊಡದೇವು ಅರ್ಧ ಕರಟಿ ಅರ್ಧ ಹಸಿಯಾಗಿ ಹರಿದು ಬರುತ್ತಿತ್ತು. ಅತ್ತೆ ಕಟ್ಟಿಗೆ ಮುಂದೆ ಎಳೆದರು, ಮಡಕೆ ತಿರುಗಿಸಿದರು. ಮಡಕೆ ಸೀಳು ಬಿಟ್ಟಿತು. ಬೇರೆ ಮಡಕೆ ಇಟ್ಟರು. ಕಬ್ಬಿನ ಹಾಲು ಬಂದಾಗಲೆಲ್ಲ ಅದೇ ಕತೆ. ನಾನು ಮೇಸ್ತ್ರಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ, ಆಮೇಲೆ ಗೋಡೆಗೂ ಅಂದೆ.

ಮೇಸ್ತ್ರಿ ಮರುದಿನವೇ ಬಂದ. ಬೋರಲು ಮಡಕೆಯನ್ನೂ ವಾಲಿದ ಉರಿಯನ್ನೂ ನೋಡಿದ. "ಹಾಲುಕ್ಕಿದ್ ಕೂಡ್ಲೆ ಎಲ್ಲ ಸರಿ ಅಂದ್ಕಂಡ್ವಿ," ಅಂದ. ಒಂದು ಹಂಚಿನ ತುಂಡನ್ನು ಹಿಂದಿನ ದಾರಿಗೆ ಅಡ್ಡ ಇಟ್ಟ. ಉರಿ ನೆಟ್ಟಗಾಗಿ ಮಡಕೆಯ ಸುತ್ತ ಹಬ್ಬಿತು. ಅತ್ತೆ ಕೋಲು ಎಳೆದರು, ಹಾಳೆ ಒಂದೇ ಬಣ್ಣದಲ್ಲಿ ಎದ್ದಿತು. ನನಗೆ ಖುಷಿ ತಡೆಯಲಾಗಲಿಲ್ಲ. ಅಷ್ಟರಲ್ಲಿ ಹೊಗೆ ಮುಂದಕ್ಕೆ ನುಗ್ಗಿತು, ಅತ್ತೆ ಬಗ್ಗಿಕೊಂಡು ಕೆಮ್ಮತೊಡಗಿದರು.

ಮೇಸ್ತ್ರಿ ಹಂಚು ಸ್ವಲ್ಪ ಸರಿಸಿದ, ಇನ್ನೂ ಸ್ವಲ್ಪ ಸರಿಸಿದ. ಹೊಗೆ ಕಡಿಮೆಯಾದಷ್ಟೂ ಉರಿ ವಾಲುತ್ತಿತ್ತು.

"ಎರಡೂ ಆಗೂದಿಲ್ಲ ಅಮ್ಮಾ," ಅಂದ. "ಹಂಚು ಇಟ್ಟೇ ಮಣ್ಣು ಮೆತ್ಲಾ, ತೆಗೀಲಾ, ನೀವೇ ಹೇಳಿ."

ಅತ್ತೆ ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಮಣ್ಣು ಮೆತ್ತು ಅಂದ ಕೂಡಲೇ ಜಗಳ ತೆಗೆಯಬೇಕು ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ.

"ತೆಗಿ ಮೇಸ್ತ್ರಿ," ಅಂದರು ಅತ್ತೆ. "ಹೊಗೆ ಹೋಗ್ಲಿ."

ಆಮೇಲೆ ನನ್ನ ಕಡೆ ತಿರುಗಿದರು. "ಈ ಚಿಮಣಿ ಆದ ಮೇಲೆ ಬೆನ್ನು ನೆಲಕ್ಕೆ ಹಾಕಿ ಮಲಗ್ತಾ ಇದ್ದೆ ಕೂಸೆ. ಎಷ್ಟು ವರ್ಷ ಆಗಿತ್ತು. ರಾತ್ರೆಯಿಡೀ ಗ್ವಾಡೆಗೆ ಒರಗಿ ಕೂತ್ಕಂಡೇ ಇರ್ತಿದ್ದೆ. ಯಾರಿಗೂ ಹೇಳಿದ್ನಿಲ್ಲೆ."

"ತೊಡದೇವು?" ಅಂದೆ.

"ಹೋದ್ರೆ ಹೋತು. ಎನಗೆ ಉಸಿರು ಬೇಕು."

ಜಗಳಕ್ಕೆ ನಿಂತವಳು ಅಳುತ್ತ ನಿಂತೆ. ಅವರ ಎದೆ ಹಗುರಾಯಿತಲ್ಲ ಅಂತ ಸಮಾಧಾನ, ಇನ್ನು ಆ ಹಾಳೆಗಳು ಏಳುವುದಿಲ್ಲವಲ್ಲ ಅಂತ ದುಃಖ, ಎರಡೂ ಒಟ್ಟಿಗೇ ಬಂದವು. ಅತ್ತೆ ಮಾತ್ರ ಅಳಲಿಲ್ಲ. ಮಡಕೆ ಇಳಿಸಿ ಕಾವಲಿ ಇಟ್ಟು, ಉಳಿದ ಹಿಟ್ಟಿಗೆ ಇನ್ನಷ್ಟು ಅಕ್ಕಿಹಿಟ್ಟು ಬೆರೆಸಿ ಮೇಸ್ತ್ರಿಗೆ ಸಿಹಿ ದೋಸೆ ಎರೆದು ಕೊಟ್ಟರು.

ಮರುದಿನ ಶಿರಸಿಯಿಂದ ಯಾರೋ ತೊಡದೇವು ಕೇಳಿ ಫೋನು ಮಾಡಿದರು. ನಾನು ಎತ್ತುವ ಮೊದಲೇ ಅತ್ತೆ ಎತ್ತಿಕೊಂಡರು. "ಇಲ್ಲೆ, ಆನು ಅದನ್ನ ಬಿಟ್ಟೆ," ಅಂದರು. ಆಮೇಲೆ ಅವರ ಮನೆಯವರೆಲ್ಲರ ಯೋಗಕ್ಷೇಮ ಕೇಳಿದರು, ಯಾರದೋ ಬಾಣಂತನದ ಸುದ್ದಿ ಕೇಳಿ ನಕ್ಕರು, ಮತ್ತೆ ಇನ್ನೇನೋ ಹೇಳಿದರು. ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ನಡುವೆ ಉಸಿರಿಗಾಗಿ ನಿಲ್ಲದೆ ಅಷ್ಟು ಹೊತ್ತು ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.