ಹಳೆಯ ಅಖಾಡದತ್ತ ತಿರುಗಿದ ಹೋರಿ

ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿ ಬಿಡುತ್ತಾರೆ. ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳ ಹಾರ ಕಟ್ಟಿ ಮಣ್ಣಿನ ಅಖಾಡದಲ್ಲಿ ಓಡಿಸುತ್ತಾರೆ. ಎರಡೂ ಬದಿಯ ಜನ ಮೇಲೆ ಬಿದ್ದು ಆ ಹಾರ ಹರಿಯಲು ನೋಡುತ್ತಾರೆ. ಹರಿಯಗೊಡದೆ ಕೊನೆಯ ಗೆರೆ ದಾಟಿದ ಹೋರಿ ಗೆದ್ದಂತೆ. ಒಮ್ಮೆಯೂ ಕೊಬ್ಬರಿ ಕೊಡದ, ಅಂದರೆ ಹಾರ ಕಳೆದುಕೊಳ್ಳದ, ಹೋರಿ ಸತ್ತರೆ ಹಾರದ ಸಮೇತ ಮಣ್ಣು ಮಾಡುವುದು ನಮ್ಮೂರ ಪದ್ಧತಿ. ಹಿರಿಯರ ಕಾಲದ್ದು ಎನ್ನುತ್ತಾರೆ. ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿ ಬಂದ ನನಗೆ ಅಷ್ಟು ಹೇಳಿದರೆ ಸಾಲುವುದಿಲ್ಲ.

ನಮ್ಮ ಕಾಕಾನ ಹೋರಿ ಹಿರೇಕೆರೂರು, ಶಿಗ್ಗಾಂವಿಯಲ್ಲೂ ಕೊಬ್ಬರಿ ಕೊಟ್ಟಿರಲಿಲ್ಲ. ಓಟ ಕಲಿತದ್ದು ಅಕ್ಕಿ ಮಿಲ್ಲಿನ ಹಿಂದಿನ ಅಖಾಡದಲ್ಲಿ. ಅಲ್ಲಿ ಪ್ಲಾಟು ಬಿದ್ದವು, ಅಖಾಡ ಕೆರೆಯಾಚೆ ಹೋಯಿತು. ಹೊಸ ಜಾಗದಲ್ಲಿ ಬಿಟ್ಟ ಮೊದಲ ಸಲವೇ ಹೋರಿ ಬೇಲಿ ಮುರಿದು ಹಳೆಯ ಅಖಾಡದತ್ತ ಓಡಿತು. ನಾವೆಲ್ಲ ಬೆನ್ನು ಹತ್ತಿದೆವು. ಮೊಣಕಾಲು ನೋವಿನ ಕಾಕಾ ಹಿಂದುಳಿದ. ಹಿಂದೆ ಕೊನೆಯ ಗೆರೆ ಇದ್ದಲ್ಲಿ, ಈಗಿನ ಕಾಂಕ್ರೀಟ್ ರಸ್ತೆಯ ಮೇಲೆ, ಹೋರಿ ತಾನಾಗಿ ನಿಂತಿತು. ಕಾಕಾ ಬರುವಷ್ಟರಲ್ಲಿ ಕೊರಳಲ್ಲಿ ಹಾರವಿರಲಿಲ್ಲ.

"ಗೆರಿ ದಾಟಿ ನಿಂತ ಮ್ಯಾಲ ಹರದಾರ, ಲೆಕ್ಕಕ್ಕಿಲ್ಲ," ಎಂದರು ಕೆಲವರು.

"ಯಾವ ಗೆರಿನೋ ಮಾರಾಯ? ಅದರ ಮ್ಯಾಲ ಗಟಾರ ಹೋಗೈತಿ!" ಎಂದು ಉಳಿದವರು ನಕ್ಕರು.

ಕಾಕಾ ಅದನ್ನು ಮತ್ತೆ ಅಖಾಡಕ್ಕಿಳಿಸಲಿಲ್ಲ.

ಹೋದ ತಿಂಗಳು ಹೋರಿ ಸತ್ತಿತು. ಕುಣಿ ತೋಡಿಯಾಗಿತ್ತು. ಕಾಕಾ ಹೊಸ ಹಾರ ಹಿಡಿದು ನನ್ನ ಹತ್ತಿರ ಬಂದ.

"ಆವತ್ತು ಎಲ್ಲಾರ್ಕಿಂತ ಮುಂದ ನೀ ಇದ್ದಿ. ಹೇಳಪಾ, ನಿಂತ ಮ್ಯಾಲ ಹರದ್ರಲ್ಲಾ?"

ಹೋರಿಯ ಕೊರಳು, ಅದಕ್ಕೆ ಚಾಚಿದ ಒಂದು ಕೈ. ಇಷ್ಟೇ ನನಗೆ ಕಾಣುತ್ತದೆ. ಕಾಲುಗಳು ಓಡುತ್ತಿದ್ದವೋ ನಿಂತಿದ್ದವೋ ಕಾಣುವುದಿಲ್ಲ. ಆ ಕೈಯನ್ನೂ ಆಮೇಲೆ ಯಾರದೋ ಮೊಬೈಲಿನ ಫೋಟೋದಲ್ಲಿ ನೋಡಿದೆನೇನೋ.

"ಖಾತ್ರಿ ಇಲ್ಲ ಕಾಕಾ."

ಕುಣಿ ತೋಡಿದವರಲ್ಲೊಬ್ಬ, "ಹಾಕ್ರಿ ಯಜಮಾನ್ರ, ಸತ್ತ ದನದ ಪಂಚಾಯ್ತಿ ಯಾರು ಮಾಡ್ತಾರ?" ಎಂದ.

"ಅದು ಒಮ್ಮಿನೂ ಸುಳ್ಳು ಗೆದ್ದಿಲ್ಲಲೇ," ಎಂದ ಕಾಕಾ. "ಈಗ ನಾ ಅದರ ಕೊಳ್ಳಾಗ ಸುಳ್ಳು ಹಾಕ್ಲ್ಯಾ?"

ಹಾರವನ್ನು ತಾನೇ ಹರಿದು ಅಲ್ಲಿದ್ದವರಿಗೆ ಒಂದೊಂದು ಬಟ್ಟಲು ಹಂಚಿದ. ನನ್ನ ಕೈಗೂ ಒಂದು ಇಟ್ಟ. ಯಾರೂ ತಿನ್ನಲಿಲ್ಲ. ಬರಿ ಕೊರಳಿನ ಹೋರಿಯನ್ನು ಹಗ್ಗ ಹಾಕಿ ಇಳಿಸುವಾಗ, ಒಂದು ಕೈಯಲ್ಲಿ ಕೊಬ್ಬರಿ ಹಿಡಿದೇ ಇನ್ನೊಂದು ಕೈಯಲ್ಲಿ ನಾನೂ ಹಗ್ಗ ಹಿಡಿದೆ.